ಮದುವೆ ಇಲ್ಲಿ, ಸಂಬಳದ ಚೀಟಿ ಅಲ್ಲಿ: ಪ್ರಜೆಯ ಸಂಗಾತಿಗೆ ಬಾಗಿಲು ಯಾಕಿಷ್ಟು ಬಿಗಿ?

ಕೆಲಸದ ವೀಸಾ ಮೇಲೆ ಬೆಂಗಳೂರಿನಿಂದ ಲಂಡನ್‌ಗೆ ಹೋದ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬ ಹೆಂಡತಿಯನ್ನು ಕರೆಸಿಕೊಳ್ಳಬೇಕು ಅಂದರೆ ದಾರಿ ಸಲೀಸು. ಮದುವೆ ಸರ್ಟಿಫಿಕೇಟು ಬೇಕು. ಬ್ಯಾಂಕಿನಲ್ಲಿ 285 ಪೌಂಡ್ ಇರಬೇಕು, ಇಲ್ಲವೇ ಕಂಪನಿ ಜವಾಬ್ದಾರಿ ಹೊರಬೇಕು. ಕ್ಷಯರೋಗದ ಪರೀಕ್ಷೆ ಆಗಬೇಕು. ಶುಲ್ಕ ಕಟ್ಟಿದರೆ ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರ ಬರುತ್ತದೆ. ಈಗ ಅದೇ ಇಂಜಿನಿಯರ್ ಹತ್ತು ವರ್ಷ ಅಲ್ಲೇ ಇದ್ದು, ತೆರಿಗೆ ಕಟ್ಟಿ, ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಂಡು, ಆಮೇಲೆ ಮದುವೆಯಾದ ಅಂದುಕೊಳ್ಳಿ. ಆಗ ಹೆಂಡತಿ ಇಂಗ್ಲಿಷ್ ಬರುತ್ತದೆ ಎಂದು ಸಾಬೀತು ಮಾಡಬೇಕು. ಅವನ ವರ್ಷದ ಆದಾಯ 29,000 ಪೌಂಡ್ ಮುಟ್ಟಿದೆ ಎಂದು ತಿಂಗಳು ತಿಂಗಳ ಸಂಬಳದ ಚೀಟಿ ಇಟ್ಟು ತೋರಿಸಬೇಕು. ಮನೆಯಲ್ಲಿ ಜಾಗ ಸಾಕಷ್ಟಿದೆ ಎಂಬ ಪುರಾವೆಯೂ ಬೇಕು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಪಾಸ್‌ಪೋರ್ಟ್ ಸಿಕ್ಕಿದ ಮೇಲೆ ಹಕ್ಕು ಜಾಸ್ತಿ ಆಗಬೇಕಿತ್ತು ಅಲ್ವಾ? ಈ ಒಂದು ವಿಷಯದಲ್ಲಿ ಕಮ್ಮಿ ಆಗಿದೆ.

ಬೇರೆ ಕಡೆಯೂ ಇದೇ ಕತೆ. ಬ್ಲೂ ಕಾರ್ಡ್ (ನುರಿತ ವಿದೇಶಿಯರಿಗೆ ಯುರೋಪಿಯನ್ ಒಕ್ಕೂಟದ ಕೆಲಸದ ಪರವಾನಗಿ) ಮೇಲೆ ಮ್ಯೂನಿಕ್‌ನಲ್ಲಿ ದುಡಿಯುವ ಭಾರತೀಯನ ಹೆಂಡತಿಗೆ ಜರ್ಮನ್ ಭಾಷೆಯ ಒಂದಕ್ಷರ ಬರದಿದ್ದರೂ ವೀಸಾ ಸಿಗುತ್ತದೆ. ಜರ್ಮನ್ ಪ್ರಜೆಯ ಭಾರತೀಯ ಹೆಂಡತಿ ಮಾತ್ರ ವಿಮಾನ ಹತ್ತುವ ಮೊದಲೇ ಎ1, ಅಂದರೆ ತೀರಾ ಆರಂಭದ ಹಂತದ ಭಾಷಾ ಪರೀಕ್ಷೆ ಪಾಸಾಗಿರಬೇಕು. ಅಮೆರಿಕದಲ್ಲಿ ಎಚ್-1ಬಿ ಉದ್ಯೋಗಿಯ ಹೆಂಡತಿಗೆ ಕಾನ್ಸುಲೇಟಿನಲ್ಲಿ ವೀಸಾ ಸ್ಟಾಂಪಿಂಗ್ ಅಪಾಯಿಂಟ್‌ಮೆಂಟ್ ಸಿಕ್ಕರೆ ಸಾಕು, ಎಚ್-4, ಅಂದರೆ ಅವಲಂಬಿತರ ವೀಸಾ ಮೇಲೆ ಹೊರಡಬಹುದು. ಅಮೆರಿಕನ್ ಪ್ರಜೆಯ ಹೆಂಡತಿ ಮೊದಲು ಗಂಡ ಅವಳಿಗಾಗಿ ಹಾಕುವ ಐ-130 ಅರ್ಜಿ ಮಂಜೂರಾಗುವುದನ್ನು ಕಾಯಬೇಕು. ಆಮೇಲೆ ದಾಖಲೆ ಪರಿಶೀಲಿಸುವ ನ್ಯಾಷನಲ್ ವೀಸಾ ಸೆಂಟರ್, ಆಮೇಲೆ ಸಂದರ್ಶನ. ಎಲ್ಲ ಮುಗಿಯಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಮೇಲೆ.

ಇದು ಅಧಿಕಾರಿಗಳ ಸೋಮಾರಿತನ ಅಂತ ತಳ್ಳಿಹಾಕುವ ಹಾಗಿಲ್ಲ. ಹಿಂದೆ ಒಂದು ಲೆಕ್ಕಾಚಾರ ಇದೆ. ಉದ್ಯೋಗಿಯನ್ನು ಸರ್ಕಾರವೇ ಆರಿಸಿಕೊಂಡಿರುತ್ತದೆ. ಯಾವ ಕೆಲಸ, ಎಷ್ಟು ಸಂಬಳ, ಎಷ್ಟು ವರ್ಷ, ಎಲ್ಲ ಮೊದಲೇ ಅಳೆದಿರುತ್ತದೆ. ಹೆಂಡತಿಯನ್ನು ಬಿಟ್ಟು ಬಾ ಅಂದರೆ ಅವನು ಬೇರೆ ದೇಶಕ್ಕೆ ಹೋಗಿಬಿಡುತ್ತಾನೆ ಎಂಬ ಹೆದರಿಕೆಯೂ ಇದೆ. ಪ್ರಜೆಯ ಸಂಗಾತಿ ಹಾಗಲ್ಲ. ಅವಳನ್ನು ಆರಿಸಿದ್ದು ಪ್ರಜೆ, ಸರ್ಕಾರವಲ್ಲ. ಆಕೆಯ ಓದು, ವಯಸ್ಸು, ಕೆಲಸ ಯಾವುದೂ ಸರ್ಕಾರದ ಕೈಯಲ್ಲಿಲ್ಲ. ಮೇಲಾಗಿ ಅವಳು ಬರುವುದು ಮೂರು ವರ್ಷಕ್ಕಲ್ಲ, ಉಳಿಯುವುದಕ್ಕೆ. ತಾನು ಆರಿಸದೆ ಒಳಗೆ ಬರುವ ಒಬ್ಬರನ್ನು ಕಂಡರೆ ವಲಸೆ ಇಲಾಖೆಗೆ ಸಹಜವಾಗಿಯೇ ಅನುಮಾನ. ಮುಂದೆ ಹೇಳುವ ಎಲ್ಲ ನಿಯಮಗಳ ಬೇರು ಇಲ್ಲಿದೆ ಎಂದು ನನ್ನ ಅನಿಸಿಕೆ.

ಹಾಗಾದರೆ ಗಂಡ ಹೆಂಡತಿ ಒಟ್ಟಿಗೆ ಬಾಳುವುದು ಹಕ್ಕಲ್ಲವೇ? ಅಮೆರಿಕದ ಸುಪ್ರೀಂ ಕೋರ್ಟ್ 2024ರ ಜೂನ್ 21ರಂದು ಇದಕ್ಕೆ ಖಡಾಖಂಡಿತ ಉತ್ತರ ಕೊಟ್ಟಿತು. ಸ್ಯಾಂಡ್ರಾ ಮುನ್ಯೋಸ್ ಅಮೆರಿಕದ ಪ್ರಜೆ, ವಕೀಲೆ. ಗಂಡ ಎಲ್ ಸಾಲ್ವಡಾರ್‌ನವನು. 2010ರಲ್ಲಿ ಮದುವೆಯಾಗಿತ್ತು. ವೀಸಾ ಸಂದರ್ಶನಕ್ಕೆ ತನ್ನ ದೇಶಕ್ಕೆ ಹೋದವನಿಗೆ ಮೊದಲು ಕಾರಣವನ್ನೂ ಸರಿಯಾಗಿ ಹೇಳದೆ ವೀಸಾ ನಿರಾಕರಿಸಿದರು. ಅವನು ಒಂದು ಗ್ಯಾಂಗಿನವನು ಎಂಬ ಅನುಮಾನ ಅದರ ಹಿಂದಿತ್ತು ಎಂದು ತಿಳಿದದ್ದು ವರ್ಷಗಳ ನಂತರ. ಮೈಮೇಲಿನ ಹಚ್ಚೆಯೇ ಆ ಅನುಮಾನಕ್ಕೆ ಕಾರಣ ಎಂಬುದು ದಂಪತಿಯ ಮಾತು. ಮದುವೆಯಾಗುವ ಹಕ್ಕು ಪ್ರಜೆಗೆ ಇರಬಹುದು, ಆದರೆ ವಿದೇಶಿ ಸಂಗಾತಿಯನ್ನು ದೇಶದೊಳಗೆ ಕರೆತರುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂದು ಕೋರ್ಟ್ ಬಹುಮತದಿಂದ ಹೇಳಿತು. ಬೇಕಾದರೆ ನೀವೇ ಅಲ್ಲಿಗೆ ಹೋಗಿ ಬದುಕಿ ಎಂದ ಹಾಗೆ. ಯುರೋಪಿನ ಕೋರ್ಟುಗಳ ಮಾತು ಇಷ್ಟು ಒರಟಲ್ಲ. ಅಲ್ಲಿ ಕುಟುಂಬ ಜೀವನದ ಹಕ್ಕನ್ನು ಒಪ್ಪುತ್ತಾರೆ. ಆದರೆ ಅದನ್ನು ಯಾವ ದೇಶದಲ್ಲಿ ಅನುಭವಿಸಬೇಕು ಎಂಬುದನ್ನು ದಂಪತಿಯ ಆಯ್ಕೆಗೆ ಪೂರ್ತಿಯಾಗಿ ಬಿಟ್ಟಿಲ್ಲ.

ಬ್ರಿಟನ್ನಿನ ಹಳೆಯ ಅನುಮಾನ

ಈ ವಿಷಯಕ್ಕೆ ಭಾರತೀಯರು ಮರೆಯಬಾರದ ಒಂದು ಇತಿಹಾಸವಿದೆ, ಅದು ಬ್ರಿಟನ್ನಿನದು. 1979ರ ಜನವರಿಯಲ್ಲಿ ಭಾರತದಿಂದ ಮದುವೆಯಾಗಲು ಬಂದ ಶಿಕ್ಷಕಿಯೊಬ್ಬರನ್ನು ಹೀಥ್ರೂ ವಿಮಾನ ನಿಲ್ದಾಣದಲ್ಲಿ ವೈದ್ಯರಿಂದ ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಆಗ ಮದುವೆಯಾಗಲಿರುವ ಹುಡುಗಿಗೆ ಮೊದಲೇ ವೀಸಾ ಬೇಕಿರಲಿಲ್ಲ, ಮದುವೆಯಾದ ಹೆಂಡತಿಗೆ ಬೇಕಿತ್ತು. ಈಕೆಗೆ ಈಗಾಗಲೇ ಮದುವೆಯಾಗಿರಬಹುದು ಎಂಬ ಅನುಮಾನಕ್ಕೆ ಇಂಥ ಕೆಲಸ! ಪತ್ರಿಕೆಯಲ್ಲಿ ಸುದ್ದಿ ಬಂದು ದೊಡ್ಡ ಗಲಾಟೆಯಾಗಿ, ಅದನ್ನು ನಿಲ್ಲಿಸಿದರು. ದೆಹಲಿ, ಮುಂಬೈಯ ಬ್ರಿಟಿಷ್ ಕಚೇರಿಗಳಲ್ಲೂ ಇಂಥ ಪರೀಕ್ಷೆ ನಡೆಸಿದ್ದರೆಂದು ಕಡತಗಳಿಂದ ಆಮೇಲೆ ಗೊತ್ತಾಯಿತು.

ಮರುವರ್ಷವೇ ಇನ್ನೊಂದು ನಿಯಮ ಬಂತು. ಈ ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿಗೆ ಬರುವುದು ಎಂದು ಅಧಿಕಾರಿಗೆ ಅನಿಸಿದರೆ ಗಂಡನಾಗುವವನಿಗೆ ಪ್ರವೇಶವಿಲ್ಲ. 1983ರಲ್ಲಿ ಅದು ಇನ್ನೂ ಬಿಗಿಯಾಯಿತು, ಉದ್ದೇಶ ಅದಲ್ಲ ಎಂದು ಅವನೇ ಸಾಬೀತು ಮಾಡಬೇಕು. ಉದ್ದೇಶ ಇತ್ತು ಎಂದು ಸಾಬೀತು ಮಾಡುವುದೇ ಕಷ್ಟ, ಇಲ್ಲ ಎಂದು ಮಾಡುವುದು ಹೇಗೆ? ಮನೆಯವರು ನೋಡಿ ಮಾಡಿದ ಮದುವೆ ಅಂದರೆ ಅಧಿಕಾರಿಗೆ ಅನುಮಾನ ಇನ್ನೂ ಜಾಸ್ತಿ. ಈ ನಿಯಮದ ಪೆಟ್ಟು ಹೆಚ್ಚಾಗಿ ಬಿದ್ದದ್ದು ನಮ್ಮ ಉಪಖಂಡದ ಗಂಡಸರ ಮೇಲೆ, ಮತ್ತು ಅವರಿಗಾಗಿ ಅಲ್ಲಿ ಕಾಯುತ್ತಿದ್ದ ಹೆಂಗಸರ ಮೇಲೆ.

ಆ ಕಾಲದಲ್ಲಿ ಅಲ್ಲಿ ನೆಲೆಸಿದ್ದ ಗಂಡಸರು ಹೆಂಡತಿಯನ್ನು ಕರೆಸಿಕೊಳ್ಳುವುದು ಸುಲಭವಿತ್ತು, ಹೆಂಗಸರು ಗಂಡನನ್ನು ಕರೆಸಿಕೊಳ್ಳುವುದು ಕಷ್ಟವಿತ್ತು. ಮೂವರು ಮಹಿಳೆಯರು ಇದನ್ನು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟಿಗೆ ಒಯ್ದರು. ಅಬ್ದುಲ್ ಅಜೀಜ್, ಕಬಾಲೆಸ್ ಮತ್ತು ಬಲ್ಕಂದಲಿ ಎಂಬ ಹೆಸರಿನ ಮೊಕದ್ದಮೆ ಅದು. 1985ರ ಮೇ 28ರಂದು ಅವರು ಗೆದ್ದರು. ಇದು ಲಿಂಗ ತಾರತಮ್ಯ ಎಂದು ತೀರ್ಪು ಬಂತು. ಬ್ರಿಟಿಷ್ ಸರ್ಕಾರ ಏನು ಮಾಡಿತು ಗೊತ್ತೇ? ಗಂಡಂದಿರಿಗೆ ನಿಯಮ ಸಡಿಲಿಸಲಿಲ್ಲ. ಹೆಂಡತಿಯರಿಗೂ ಅದೇ ಬಿಗಿ ನಿಯಮ ಹಾಕಿ ಸಮಾನತೆ ತಂದಿತು! ಮುಖ್ಯ ಉದ್ದೇಶದ ನಿಯಮ ರದ್ದಾದದ್ದು 1997ರ ಜೂನ್‌ನಲ್ಲಿ, ಲೇಬರ್ ಪಕ್ಷ ಅಧಿಕಾರಕ್ಕೆ ಬಂದ ಮೇಲೆ.

ಮನಸ್ಸಿನ ಉದ್ದೇಶ ಅಳೆಯುವುದು ನಿಂತಿತು. ಹದಿನೈದು ವರ್ಷದ ನಂತರ ಜೇಬು ಅಳೆಯುವುದು ಶುರುವಾಯಿತು. ಥೆರೇಸಾ ಮೇ ಗೃಹ ಸಚಿವೆಯಾಗಿದ್ದಾಗ, 2012ರ ಜುಲೈ 9ರಿಂದ, ಸಂಗಾತಿಯನ್ನು ಕರೆಸುವವರಿಗೆ ವರ್ಷಕ್ಕೆ 18,600 ಪೌಂಡ್ ಆದಾಯ ಕಡ್ಡಾಯವಾಯಿತು. ಸರ್ಕಾರದ ಭತ್ಯೆಗೆ ಕೈಚಾಚದೆ ಇಬ್ಬರು ಬದುಕಲು ಎಷ್ಟು ಬೇಕು ಎಂಬ ಲೆಕ್ಕದಿಂದ ಬಂದ ಅಂಕಿ ಅದು. 2017ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಆದಾಯ ಮಿತಿ ಇಡುವುದು ತತ್ವದಲ್ಲಿ ತಪ್ಪಲ್ಲ ಎಂದಿತು. ಆದರೆ ಮಕ್ಕಳ ಹಿತವನ್ನು ಸರ್ಕಾರ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಗದರಿತು.

ಆಮೇಲಿನದು ಇನ್ನೂ ಸ್ವಾರಸ್ಯ. 2023ರ ಡಿಸೆಂಬರ್‌ನಲ್ಲಿ ಗೃಹ ಸಚಿವ ಜೇಮ್ಸ್ ಕ್ಲೆವರ್ಲಿ ಈ ಮಿತಿಯನ್ನು ಒಮ್ಮೆಲೇ 38,700 ಪೌಂಡಿಗೆ ಏರಿಸುವುದಾಗಿ ಘೋಷಿಸಿದರು. ಈ ಅಂಕಿ ಎಲ್ಲಿಂದ ಬಂತು? ನುರಿತ ಉದ್ಯೋಗಿಗಳ ವೀಸಾಗೆ ನಿಗದಿ ಮಾಡಲು ಹೊರಟಿದ್ದ ಸಂಬಳದ ಅಂಕಿಯೇ ಇದು. ಅಂದರೆ ತಾನು ಆರಿಸದ ಸಂಗಾತಿಯನ್ನೂ ತಾನು ಆರಿಸುವ ಉದ್ಯೋಗಿಯ ಅಳತೆಗೆ ತರುವ ಪ್ರಯತ್ನ. ವಿರೋಧ ಎಷ್ಟು ಬಂತು ಅಂದರೆ ಮೂರು ವಾರದೊಳಗೆ ಹಂತ ಹಂತವಾಗಿ ಏರಿಸುತ್ತೇವೆ ಎಂದು ಹಿಂದೆ ಸರಿದರು. 2024ರ ಏಪ್ರಿಲ್ 11ರಿಂದ 29,000 ಪೌಂಡ್ ಜಾರಿಯಾಯಿತು. ಜುಲೈನಲ್ಲಿ ಲೇಬರ್ ಸರ್ಕಾರ ಬಂದು ಮುಂದಿನ ಏರಿಕೆ ತಡೆದು, ವಲಸೆ ಸಲಹಾ ಸಮಿತಿಗೆ ಅಧ್ಯಯನ ವಹಿಸಿತು.

ಸಮಿತಿ 2025ರ ಜೂನ್‌ನಲ್ಲಿ ವರದಿ ಕೊಟ್ಟಿತು. ಕುಟುಂಬ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬುದಷ್ಟೇ ಗುರಿಯಾದರೆ 23,000ದಿಂದ 25,000 ಪೌಂಡ್ ಸಾಕು. ಆರ್ಥಿಕ ಲಾಭಕ್ಕೆ ಹೆಚ್ಚು ತೂಕ ಕೊಟ್ಟರೂ 24,000ದಿಂದ 28,000. ಉದ್ಯೋಗಿಗಳ ಮಿತಿಯನ್ನು ಕುಟುಂಬಕ್ಕೆ ಹಾಕುವುದರಲ್ಲಿ ಅರ್ಥವಿಲ್ಲ, ಅದು ಮಾನವ ಹಕ್ಕುಗಳ ಒಪ್ಪಂದಕ್ಕೂ ಒಗ್ಗುವುದು ಕಷ್ಟ ಎಂದು ಸಮಿತಿ ಹೇಳಿತು. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಒಂದು ಸಣ್ಣ ಗುಣಾಕಾರ. 2025ರಲ್ಲಿ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ವಾರಕ್ಕೆ 37.5 ಗಂಟೆ, ವರ್ಷವಿಡೀ ದುಡಿದರೆ ಬರುವುದು ಸುಮಾರು 23,800. ಅಂದರೆ ಅಂಗಡಿಯಲ್ಲೋ ಗೋದಾಮಿನಲ್ಲೋ ಕಾನೂನಿನ ಪ್ರಕಾರ ಪೂರ್ತಿ ಕೆಲಸ ಮಾಡುವ ಬ್ರಿಟಿಷ್ ಪ್ರಜೆಗೆ ವಿದೇಶಿ ಸಂಗಾತಿಯನ್ನು ಕರೆಸಿಕೊಳ್ಳುವ ಯೋಗ್ಯತೆ ಇಲ್ಲ.

ನ್ಯಾಯವಾಗಿ ಇನ್ನೊಂದು ಪಕ್ಕವನ್ನೂ ಹೇಳಬೇಕು. ಕೆಲಸದ ವೀಸಾದವನೂ ಸುಮ್ನೆ ಬಂದಿಲ್ಲ. ಅವನ ಸಂಬಳಕ್ಕೇ ಮಿತಿಯಿದೆ, 2025ರ ಜುಲೈನಿಂದ ಅದು ಸಾಮಾನ್ಯವಾಗಿ 41,700 ಪೌಂಡ್. ವೃದ್ಧರ ಆರೈಕೆ ಕೆಲಸಕ್ಕೆ 2024ರ ಮಾರ್ಚ್‌ನ ನಂತರ ಬಂದವರಂತೂ ಹೆಂಡತಿ ಮಕ್ಕಳನ್ನು ಕರೆಸುವ ಹಾಗೇ ಇಲ್ಲ. ಅವಲಂಬಿತರಿಗೂ ಇಂಗ್ಲಿಷ್ ಬೇಕು ಎಂಬ ಪ್ರಸ್ತಾಪ 2025ರ ಮೇ ತಿಂಗಳ ಶ್ವೇತಪತ್ರದಲ್ಲಿದೆ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಸಂಬಳ ಸಾಲದಿದ್ದರೆ ವಿದೇಶಿ ಉದ್ಯೋಗಿ ತನ್ನ ದೇಶಕ್ಕೆ ವಾಪಸ್ ಹೋಗಿ ಹೆಂಡತಿಯ ಜೊತೆ ಇರಬಹುದು. ಪ್ರಜೆಗೆ ಇರುವುದೇ ಆ ದೇಶ.

ಯಾರ ದುಡ್ಡು ಲೆಕ್ಕಕ್ಕೆ ಬರುತ್ತದೆ?

ಬೆಂಗಳೂರಿನ ಹುಡುಗಿಯರು ಬೆಚ್ಚಿಬೀಳುವುದು ಇಲ್ಲಿ. ಆಕೆ ಇಲ್ಲಿ ವರ್ಷಕ್ಕೆ 40 ಲಕ್ಷ ಸಂಪಾದಿಸುತ್ತಿರಬಹುದು. ಬ್ರಿಟಿಷ್ ಸಂಗಾತಿಯ ವೀಸಾಗೆ ಇಲ್ಲಿಂದ ಅರ್ಜಿ ಹಾಕುವಾಗ ಆ ಸಂಬಳದ ಬೆಲೆ ಸೊನ್ನೆ. ಬ್ರಿಟನ್ನಿನಲ್ಲಿರುವ ಗಂಡನ ಸಂಬಳವನ್ನಷ್ಟೇ ನೋಡುತ್ತಾರೆ. ಅವನು ಒಂದೇ ಕಂಪನಿಯಲ್ಲಿ ಆರು ತಿಂಗಳಿಂದ ಇದ್ದರೆ ಆರು ತಿಂಗಳ ಚೀಟಿ ಮತ್ತು ಅದಕ್ಕೆ ಸರಿಹೊಂದುವ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು. ಈಚೆಗೆ ಕೆಲಸ ಬದಲಿಸಿದ್ದರೆ ಹಿಂದಿನ ಹನ್ನೆರಡು ತಿಂಗಳ ಲೆಕ್ಕ ಕೇಳುತ್ತಾರೆ. ಗಂಡನೂ ಬೆಂಗಳೂರಿನಲ್ಲೇ ಇದ್ದು ಇಬ್ಬರೂ ಒಟ್ಟಿಗೆ ಹೋಗುವವರಾದರೆ ಇನ್ನೂ ಕಷ್ಟ. ಅವನು ಇಲ್ಲಿ ಅಷ್ಟು ದುಡಿಯುತ್ತಿರಬೇಕು, ಜೊತೆಗೆ ಅಲ್ಲಿ ಮೂರು ತಿಂಗಳೊಳಗೆ ಸೇರುವ ಕೆಲಸದ ಪತ್ರವೂ ಕೈಯಲ್ಲಿರಬೇಕು. ಅಪ್ಪ ಅಮ್ಮ, ಮಾವ, ಅಣ್ಣ ನೋಡಿಕೊಳ್ಳುತ್ತಾರೆ ಎಂಬ ಮಾತು ಸಾಮಾನ್ಯವಾಗಿ ನಡೆಯುವುದಿಲ್ಲ. ಕೂಡು ಕುಟುಂಬದ ಲೆಕ್ಕ ಅವರಿಗೆ ಗೊತ್ತಿಲ್ಲ.

ಒಂದು ದಾರಿ ಇದೆ, ಉಳಿತಾಯ. ಗಂಡನದ್ದೋ ಹೆಂಡತಿಯದ್ದೋ ಜಂಟಿಯೋ, ನಗದು ಉಳಿತಾಯ ಯಾರದ್ದಾದರೂ ನಡೆಯುತ್ತದೆ, ಆದರೆ ಆರು ತಿಂಗಳಿಂದ ಕೈಯಲ್ಲಿರಬೇಕು. ಲೆಕ್ಕ ಹೀಗೆ: ಮೊದಲ 16,000 ಪೌಂಡನ್ನು ಅವರು ಎಣಿಸುವುದಿಲ್ಲ. ಅದರ ಮೇಲೆ, ಆದಾಯದಲ್ಲಿ ಎಷ್ಟು ಕೊರತೆಯಿದೆಯೋ ಅದರ ಎರಡೂವರೆ ಪಟ್ಟು ಇರಬೇಕು. ಆದಾಯವೇ ಇಲ್ಲ ಅಂದರೆ 88,500 ಪೌಂಡ್. ಇವತ್ತಿನ ದರದಲ್ಲಿ ಹತ್ತಿರ ಹತ್ತಿರ ಒಂದು ಕೋಟಿ ರೂಪಾಯಿ. ಮದುವೆಗೆ ಅಂತ ಯಾರೋ ನಿನ್ನೆ ಖಾತೆಗೆ ಹಾಕಿದ ದುಡ್ಡು ತೋರಿಸಿ ವೀಸಾ ತಿರಸ್ಕಾರವಾದರೆ ಆಶ್ಚರ್ಯಪಡಬೇಕಿಲ್ಲ.

ಖರ್ಚನ್ನೂ ನೋಡಿಬಿಡೋಣ. 2025ರ ಏಪ್ರಿಲ್ ದರದಲ್ಲಿ ಹೊರಗಿನಿಂದ ಅರ್ಜಿ ಶುಲ್ಕ 1,938 ಪೌಂಡ್, ಸರ್ಕಾರಿ ವೈದ್ಯಸೇವೆಗೆ ಮುಂಗಡವಾಗಿ ಕಟ್ಟುವ ಆರೋಗ್ಯ ಸರ್‌ಚಾರ್ಜ್ 3,105. ಒಟ್ಟು 5,043. ಇದು 33 ತಿಂಗಳಿಗೆ. ಆಮೇಲೆ ಎರಡೂವರೆ ವರ್ಷಕ್ಕೆ ವಿಸ್ತರಣೆ, ಐದು ವರ್ಷ ತುಂಬಿದ ಮೇಲೆ ಕಾಯಂ ವಾಸದ ಅರ್ಜಿ. ಅದೇ ದರದಲ್ಲಿ ಕೂಡಿದರೆ ಕೊನೆ ಮುಟ್ಟುವಷ್ಟರಲ್ಲಿ ಸುಮಾರು 12,000 ಪೌಂಡ್, ವಕೀಲರ ಫೀಸು ಬಿಟ್ಟು. ದರ ಆಗಾಗ ಏರುತ್ತದೆ, ಆದ್ದರಿಂದ ಅರ್ಜಿ ಹಾಕುವ ದಿನ ಸರ್ಕಾರದ ಜಾಲತಾಣದಲ್ಲಿ ಇರುವುದೇ ಕೊನೆಯ ಮಾತು. ಇಂಗ್ಲಿಷ್ ಪರೀಕ್ಷೆಯೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹೋಗುವಾಗ ಎ1, ವಿಸ್ತರಣೆಗೆ ಎ2, ಕಾಯಂ ವಾಸಕ್ಕೆ ಬಿ1. ಮೊದಲೇ ಮೇಲಿನ ಹಂತದ ಪರೀಕ್ಷೆ ಬರೆಯುವುದು ಜಾಣತನ. ಇಂಗ್ಲಿಷ್ ಮಾಧ್ಯಮದಲ್ಲಿ ಮಾಡಿದ ನಮ್ಮ ಡಿಗ್ರಿಯೂ ನಡೆಯುತ್ತದೆ, ಆದರೆ ಅದಕ್ಕೆ ವಿದೇಶಿ ಪದವಿ ಪರಿಶೀಲಿಸುವ ಅಲ್ಲಿನ ಎಕ್ಟಿಸ್ ಸಂಸ್ಥೆಯಿಂದ ದೃಢೀಕರಣ ತರಿಸಬೇಕು.

ಅಮೆರಿಕದ ಲೆಕ್ಕ ಇದಕ್ಕಿಂತ ಉದಾರ. ಅಲ್ಲಿ ಬಡತನ ರೇಖೆಯ ಶೇ. 125ರಷ್ಟು ಆದಾಯ ಸಾಕು. 2025ರ ಅಂಕಿಯಂತೆ ಇಬ್ಬರ ಕುಟುಂಬಕ್ಕೆ ಸುಮಾರು 26,437 ಡಾಲರ್. ಸಾಲದಿದ್ದರೆ ಬೇರೊಬ್ಬರು ಜಂಟಿ ಜಾಮೀನು ನಿಲ್ಲಬಹುದು, ನೆಂಟರೇ ಆಗಬೇಕಿಲ್ಲ. ಆದರೆ ಐ-864 ಎಂಬ ಆ ಜಾಮೀನು ಪತ್ರಕ್ಕೆ ಸಹಿ ಹಾಕುವವರು ಓದಿ ಸಹಿ ಹಾಕಬೇಕು. ವಿಚ್ಛೇದನ ಆದರೂ ಆ ಜವಾಬ್ದಾರಿ ಮುಗಿಯುವುದಿಲ್ಲ. ಸಂಗಾತಿ ಅಲ್ಲಿನ ಪ್ರಜೆಯಾಗಬೇಕು, ಅಥವಾ 40 ತ್ರೈಮಾಸಿಕದ, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಸೇರಬೇಕು, ಅಥವಾ ದೇಶ ಬಿಟ್ಟು ಹೋಗಬೇಕು, ಅಥವಾ ತೀರಿಕೊಳ್ಳಬೇಕು. ಅಲ್ಲಿಯವರೆಗೆ ಜಾಮೀನುದಾರನ ಮೇಲೆ ದಾವೆ ಹೂಡಬಹುದು.

ಸುರಿಂದರ್ ಸಿಂಗ್ ದಾರಿ

ಯುರೋಪಿನ ವಲಸೆ ಕಾನೂನಿನಲ್ಲಿ ಒಬ್ಬ ಭಾರತೀಯನ ಹೆಸರು ಖಾಯಂ ಆಗಿ ನಿಂತಿದೆ. ಸುರಿಂದರ್ ಸಿಂಗ್ ಭಾರತೀಯ ಪ್ರಜೆ. 1982ರಲ್ಲಿ ಬ್ರ್ಯಾಡ್‌ಫರ್ಡ್‌ನಲ್ಲಿ ಬ್ರಿಟಿಷ್ ಪ್ರಜೆ ರಶ್ಪಾಲ್ ಪುರೇವಾಲ್ ಅವರನ್ನು ಮದುವೆಯಾದ. ಇಬ್ಬರೂ 1983ರಿಂದ 1985ರವರೆಗೆ ಜರ್ಮನಿಯಲ್ಲಿ ದುಡಿದು, ವ್ಯಾಪಾರ ಶುರುಮಾಡಲು ಬ್ರಿಟನ್ನಿಗೆ ಮರಳಿದರು. ಮುಂದೆ ಮದುವೆ ಮುರಿದುಬೀಳುವ ಹಂತಕ್ಕೆ ಬಂದಾಗ ಸರ್ಕಾರ ಅವನನ್ನು ಗಡಿಪಾರು ಮಾಡಲು ಹೊರಟಿತು. ವಿಷಯ ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯಕ್ಕೆ ಹೋಯಿತು. 1992ರ ಜುಲೈ 7ರಂದು ತೀರ್ಪು ಬಂತು. ಬೇರೆ ಸದಸ್ಯ ದೇಶಕ್ಕೆ ದುಡಿಯಲು ಹೋಗಿ ತಾಯ್ನಾಡಿಗೆ ಮರಳುವ ಪ್ರಜೆಯ ಸಂಗಾತಿಗೆ, ಆ ಪ್ರಜೆ ಇನ್ನೊಂದು ಸದಸ್ಯ ದೇಶಕ್ಕೆ ಹೋಗಿದ್ದರೆ ಸಿಗುತ್ತಿದ್ದಷ್ಟಾದರೂ ಹಕ್ಕು ಸಿಗಲೇಬೇಕು.

ಇದರ ಫಲ ವಿಚಿತ್ರವಾಗಿತ್ತು. 2012ರ ಆದಾಯ ಮಿತಿ ಬಂದ ಮೇಲೆ ಅದನ್ನು ಮುಟ್ಟಲಾಗದ ಬ್ರಿಟಿಷ್ ಪ್ರಜೆಗಳು ಸಂಗಾತಿಯ ಜೊತೆ ಐರ್ಲೆಂಡಿಗೋ ಇನ್ನೊಂದು ದೇಶಕ್ಕೋ ಹೋಗಿ, ಅಲ್ಲಿ ಕೆಲವು ತಿಂಗಳು ದುಡಿದು, ಯುರೋಪಿಯನ್ ಕಾನೂನಿನಡಿ ಮನೆಗೆ ಬಂದರು. ತಮ್ಮದೇ ದೇಶದ ಮುಂಬಾಗಿಲು ಮುಚ್ಚಿತ್ತು, ಊರು ಸುತ್ತಿ ಹಿತ್ತಲಿಂದ ಬಂದ ಹಾಗೆ. ಬ್ರೆಕ್ಸಿಟ್ ನಂತರ ಬ್ರಿಟನ್ನಿನಲ್ಲಿ ಈ ದಾರಿ ಹೊಸಬರಿಗೆ ಮುಚ್ಚಿದೆ. ಯುರೋಪಿಯನ್ ಒಕ್ಕೂಟದ ಒಳಗೆ ಇನ್ನೂ ಜೀವಂತ. ನೆದರ್‌ಲೆಂಡ್ಸ್‌ನಲ್ಲಿ ಸಂಸಾರ ಹೂಡಿ ನಿಜವಾಗಿ ದುಡಿದು ಜರ್ಮನಿಗೆ ಮರಳುವ ಜರ್ಮನ್ ಪ್ರಜೆಯ ಭಾರತೀಯ ಹೆಂಡತಿಗೆ ಆ ಎ1 ಪರೀಕ್ಷೆ ಬೇಡ. ಬರ್ಲಿನ್‌ನಲ್ಲಿ ನೆಲೆಸಿದ ಫ್ರೆಂಚ್ ಪ್ರಜೆಯ ಹೆಂಡತಿಗೂ ಬೇಡ. ಊರು ಬಿಟ್ಟು ಕದಲದ ಜರ್ಮನ್ನನ ಹೆಂಡತಿಗೆ ಮಾತ್ರ ಬೇಕು.

ಜರ್ಮನಿಯನ್ನು ಪೂರ್ತಿ ದೂರುವ ಹಾಗೂ ಇಲ್ಲ. ಪ್ರಜೆಯ ಸಂಗಾತಿಗೆ ಅಲ್ಲಿ ಸಾಮಾನ್ಯವಾಗಿ ಆದಾಯದ ಷರತ್ತು ಹಾಕುವುದಿಲ್ಲ. 2007ರಲ್ಲಿ ಬಂದ ಭಾಷೆಯ ಷರತ್ತನ್ನೂ 2012ರಲ್ಲಿ ಅಲ್ಲಿನ ಆಡಳಿತ ನ್ಯಾಯಾಲಯ ಸಡಿಲಿಸಿತು. ಒಂದು ವರ್ಷ ಪ್ರಯತ್ನಿಸಿದರೂ ಕಲಿಯಲಾಗದಿದ್ದರೆ, ಅಥವಾ ಕಲಿಯುವ ಅವಕಾಶವೇ ಇಲ್ಲದಿದ್ದರೆ, ಜರ್ಮನ್ ಪ್ರಜೆಯ ಸಂಗಾತಿಯನ್ನು ಅದಕ್ಕಾಗಿ ತಡೆಯಬಾರದು ಎಂದಿತು. ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇರುವಾಗ ಬೆಂಗಳೂರಿನವರು ಅವಕಾಶವಿಲ್ಲ ಎಂದು ವಾದಿಸುವುದು ಕಷ್ಟ. ಕಲಬುರಗಿಯ ಹಳ್ಳಿಯಿಂದ ಬರುವವರ ಮಾತು ಬೇರೆ. ಇನ್ನೊಂದು ಎಚ್ಚರಿಕೆ: ನಮ್ಮ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಹಾಕುವ ಮುದ್ರೆ) ಬಹಳ ದೇಶಗಳಲ್ಲಿ ನಡೆದರೂ ಜರ್ಮನಿಯಲ್ಲಿ ನಡೆಯುವುದಿಲ್ಲ. ಭಾರತ ಈ ಮುದ್ರೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು. ಜನನ, ಮದುವೆಯ ದಾಖಲೆ ನಿಜವೇ ಎಂದು ಅವರೇ ಇಲ್ಲಿ ಜನ ಕಳಿಸಿ ತಪಾಸಣೆ ಮಾಡಿಸಬಹುದು. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ.

ನಮ್ಮ ಮದುವೆ, ಅವರ ಕಣ್ಣು

ಸಂಬಂಧ ನಿಜವೇ ಎಂಬ ಪ್ರಶ್ನೆ ಎಲ್ಲ ದೇಶಗಳಲ್ಲೂ ಇದೆ. ನಮ್ಮ ಕಡೆಯ ಮದುವೆಗಳು ಇಲ್ಲಿ ಸ್ವಲ್ಪ ಎಡವುತ್ತವೆ. ಪ್ರೀತಿಸಿ ಎರಡು ವರ್ಷ ಒಟ್ಟಿಗಿದ್ದವರಿಗೆ ಬಾಡಿಗೆ ಕರಾರು, ಪ್ರವಾಸದ ಟಿಕೆಟ್ಟು, ಜಂಟಿ ಖಾತೆ ಎಲ್ಲ ಇರುತ್ತದೆ. ಜಾತಕ ಕೂಡಿಸಿ, ಒಂದು ಸಲ ನೋಡಿ, ಮೂರು ವಾರದ ರಜೆಯಲ್ಲಿ ಮದುವೆಯಾಗಿ ಹುಡುಗ ವಾಪಸ್ ಹೋದರೆ ತೋರಿಸುವುದಕ್ಕೆ ಏನಿದೆ? ಸಾವಿರ ಜನ ಉಂಡ ಮದುವೆಯ ಆಲ್ಬಂ ಇದೆ. ನೋಡಿ ಮಾಡಿದ ಮದುವೆಯನ್ನು ಬ್ರಿಟನ್, ಅಮೆರಿಕ ಎರಡೂ ಒಪ್ಪುತ್ತವೆ. ಬಲವಂತ ಇರಬಾರದು, ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು, ಅಷ್ಟೇ. ಮದುವೆಯ ನಂತರದ ತಿಂಗಳುಗಳ ಕರೆ, ಮೆಸೇಜು, ಕಳಿಸಿದ ದುಡ್ಡು, ಮತ್ತೆ ಬಂದು ಹೋದ ಟಿಕೆಟ್ಟು, ಇವು ಆಲ್ಬಂಗಿಂತ ಜಾಸ್ತಿ ಕೆಲಸಕ್ಕೆ ಬರುತ್ತವೆ. ಮಾತುಕತೆಯನ್ನೆಲ್ಲ ಮುದ್ರಿಸಿ ರಾಶಿ ಹಾಕುವುದಕ್ಕಿಂತ ತಿಂಗಳಿಗೊಂದೆರಡು ಹಾಳೆ ಇಟ್ಟರೆ ಅಧಿಕಾರಿ ಓದುತ್ತಾನೆ.

ಕರ್ನಾಟಕವೂ ಸೇರಿ ದಕ್ಷಿಣ ಭಾರತದವರಿಗೆ ವಿಶೇಷವಾದ ಒಂದು ತೊಡಕಿದೆ. ಸೋದರಮಾವನ ಜೊತೆ ಅಕ್ಕನ ಮಗಳ ಮದುವೆ. ರೂಢಿ ಇದ್ದಲ್ಲಿ ಹಿಂದೂ ವಿವಾಹ ಕಾಯ್ದೆ ಇದಕ್ಕೆ ಅವಕಾಶ ಕೊಡುತ್ತದೆ. ಇಲ್ಲಿ ನೋಂದಣಿಯೂ ಆಗುತ್ತದೆ. ಆದರೆ ಇಂಗ್ಲೆಂಡಿನ ಕಾನೂನಿನಲ್ಲಿ ಸೋದರಮಾವ ಮತ್ತು ಅಕ್ಕನ ಮಗಳ ಈ ಸಂಬಂಧ ನಿಷಿದ್ಧ, ಮತ್ತು ಸಂಗಾತಿ ವೀಸಾದ ನಿಯಮದಲ್ಲೇ ನಿಷಿದ್ಧ ಸಂಬಂಧ ಇರಬಾರದು ಎಂಬ ಷರತ್ತಿದೆ. ಎಷ್ಟೇ ಸಂಬಳ ಇದ್ದರೂ ಅರ್ಜಿ ಬೀಳುತ್ತದೆ. ಸೋದರತ್ತೆಯ ಮಗನೋ ಸೋದರಮಾವನ ಮಗನೋ ಆದರೆ ಅಲ್ಲಿ ತೊಂದರೆಯಿಲ್ಲ. ಜರ್ಮನಿಯಲ್ಲಿ ಸೋದರಮಾವ, ಅಕ್ಕನ ಮಗಳ ಮದುವೆಗೂ ನಿಷೇಧವಿಲ್ಲ. ಅಮೆರಿಕದಲ್ಲಿ ಯಾವ ರಾಜ್ಯದಲ್ಲಿ ವಾಸ ಎಂಬುದರ ಮೇಲೆ ಹೋಗುತ್ತದೆ. ಇದನ್ನು ಲಗ್ನಪತ್ರಿಕೆ ಮುದ್ರಿಸುವ ಮೊದಲೇ ವಕೀಲರ ಹತ್ತಿರ ಕೇಳಬೇಕು.

ಇನಿಶಿಯಲ್ಲಿನ ಕಾಟವೂ ಸಣ್ಣದಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಊರು ಮತ್ತು ಅಪ್ಪನ ಹೆಸರಿನ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿ ಉದ್ದವಾಗಿ, ಮದುವೆ ಸರ್ಟಿಫಿಕೇಟಿನಲ್ಲಿ ಇನ್ನೊಂದು ರೂಪ. ಉಪ ನೋಂದಣಿ ಕಚೇರಿಯಲ್ಲಿ ಅರ್ಜಿ ತುಂಬುವಾಗ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಸರಿಮಾಡಿಕೊಂಡರೆ ಮುಂದೆ ಅಫಿಡವಿಟ್‌ಗಳ ಸರಮಾಲೆ ತಪ್ಪುತ್ತದೆ.

ಸಂಬಂಧ ಕುದುರಿಸುವಾಗ ಹುಡುಗ ಅಮೆರಿಕದಲ್ಲಿ ಸೆಟ್ಲ್ ಆಗಿದ್ದಾನೆ ಅಂತಾರೆ. ಅದರಲ್ಲಿ ಮೂರು ಬೇರೆ ಬೇರೆ ಕತೆಗಳಿರಬಹುದು. ಎಚ್-1ಬಿ ಆದರೆ ಹೆಂಡತಿ ಬೇಗ ಹೋಗಬಹುದು, ಆದರೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ಮುಟ್ಟುವವರೆಗೆ ದುಡಿಯುವ ಹಾಗಿಲ್ಲ. ಗ್ರೀನ್ ಕಾರ್ಡ್ ಇದ್ದರೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯ ಸಾಲಿನಲ್ಲಿ ನಿಲ್ಲಬೇಕು. ಪ್ರಜೆಯಾಗಿದ್ದರೆ ಆ ಮಿತಿ ಇಲ್ಲ, ಪ್ರಕ್ರಿಯೆ ಉದ್ದ, ಆದರೆ ಕಾಲಿಟ್ಟ ದಿನದಿಂದ ಕೆಲಸ ಮಾಡಬಹುದು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಹೋದರೆ ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಸುಳ್ಳು ಮದುವೆ ತಡೆಯಲು 1986ರಲ್ಲಿ ತಂದ ಕಾನೂನು ಅದು. ಅವಧಿ ಮುಗಿಯುವ ಹಿಂದಿನ 90 ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ ಷರತ್ತು ತೆಗೆಸಬೇಕು.

ಆ ಇಬ್ಬರ ಸಹಿಯಲ್ಲೇ ಅಪಾಯವೂ ಇದೆ. ವೀಸಾ ಗಂಡನ ಕೈಯಲ್ಲಿದ್ದಾಗ, ಹೊಡೆದರೂ ಬಾಯಿ ಬಿಡದ ಹೆಂಗಸರು ಇದ್ದಾರೆ. ಆದರೆ ಈ ಜಾಗದಲ್ಲಿ ಪ್ರಜೆಯ ಹೆಂಡತಿಗೇ ರಕ್ಷಣೆ ಗಟ್ಟಿ. ಅಮೆರಿಕದಲ್ಲಿ 1994ರ ಕಾನೂನಿನಡಿ ದೌರ್ಜನ್ಯಕ್ಕೆ ಒಳಗಾದ ಸಂಗಾತಿ ಗಂಡನಿಗೆ ತಿಳಿಸದೆ ತಾನೇ ಅರ್ಜಿ ಹಾಕಬಹುದು. ಇದು ಪ್ರಜೆ ಮತ್ತು ಗ್ರೀನ್ ಕಾರ್ಡ್‌ನವರ ಸಂಗಾತಿಗೆ, ಎಚ್-4ನವರಿಗಲ್ಲ. ಬ್ರಿಟನ್ನಿನಲ್ಲೂ ಅಷ್ಟೆ. ದೌರ್ಜನ್ಯದಿಂದ ಮದುವೆ ಮುರಿದರೆ ಬ್ರಿಟಿಷ್ ಪ್ರಜೆಯ ಹೆಂಡತಿ ನೇರವಾಗಿ ಕಾಯಂ ವಾಸ ಕೇಳಬಹುದು. ಅಷ್ಟರೊಳಗೆ ಬದುಕಲು ಮೂರು ತಿಂಗಳ ಅನುಮತಿ, ಸರ್ಕಾರಿ ನೆರವು ಸಿಗುತ್ತದೆ. ಕೆಲಸದ ವೀಸಾದವನ ಹೆಂಡತಿಗೆ 2024ರಿಂದ ಆ ಮೂರು ತಿಂಗಳು ಸಿಗುತ್ತಿದೆ, ಕಾಯಂ ವಾಸ ಇಲ್ಲ. ಹೋಗುವಾಗ ಸುಲಭದ ದಾರಿ ಹಿಡಿದವಳಿಗೆ ಬಿದ್ದಾಗ ಹಿಡಿಯುವ ಕೈ ಕಮ್ಮಿ.

ಇದನ್ನೆಲ್ಲ ಓದಿ ನಮ್ಮ ದೇಶ ಹೇಗೆ ಎಂಬ ಪ್ರಶ್ನೆ ಬರಬೇಕು. ಭಾರತೀಯರ ವಿದೇಶಿ ಸಂಗಾತಿಗೆ ಎಂಟ್ರಿ ವೀಸಾ ಇದೆ, ಅದನ್ನು ವಿದೇಶಿಯರ ನೋಂದಣಿ ಕಚೇರಿಯಲ್ಲಿ ವಿಸ್ತರಿಸುತ್ತಾ ಹೋಗಬಹುದು. ಬ್ರಿಟನ್ನಿನ ಹಾಗೆ ಸಂಬಳದ ಮಿತಿ ಇಲ್ಲ, ಕನ್ನಡವೋ ಹಿಂದಿಯೋ ಬರಬೇಕು ಎಂಬ ಪರೀಕ್ಷೆಯೂ ಇಲ್ಲ. ನೋಂದಾಯಿತ ಮದುವೆ ಎರಡು ವರ್ಷ ಸತತವಾಗಿ ಉಳಿದಿದ್ದರೆ ಓಸಿಐ (ಸಾಗರೋತ್ತರ ಭಾರತೀಯ ಪ್ರಜೆ, ಅಂದರೆ ಇಲ್ಲಿ ದೀರ್ಘಕಾಲ ಇರಲು ಬಿಡುವ) ಕಾರ್ಡಿಗೆ ಅರ್ಜಿ ಹಾಕಬಹುದು. ಆದರೆ ಅದಕ್ಕೆ ಮೊದಲು ಭದ್ರತಾ ತಪಾಸಣೆ ಕಡ್ಡಾಯ. ಸಂಗಾತಿಯ ತಂದೆ ತಾಯಿ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿಯರಲ್ಲಿ ಯಾರೇ ಆಗಲಿ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಕಾರ್ಡ್ ಇಲ್ಲ. ಆಕೆ ಹುಟ್ಟಿದ್ದು ಲಂಡನ್‌ನಲ್ಲೇ ಆದರೂ ಅಷ್ಟೆ. ಬ್ರಿಟನ್ ಜೇಬು ನೋಡಿದರೆ ನಾವು ವಂಶ ನೋಡುತ್ತೇವೆ. ಇನ್ನು ವಿಚ್ಛೇದನ ಆದರೆ ಕಾರ್ಡನ್ನು ರದ್ದು ಮಾಡುವ ಅಧಿಕಾರ ಪೌರತ್ವ ಕಾಯ್ದೆಯ 7ಡಿ ಕಲಮಿನಲ್ಲಿದೆ. ಹದಿನೈದು ವರ್ಷ ಮೈಸೂರಿನಲ್ಲಿ ಸಂಸಾರ ಮಾಡಿ, ಮಕ್ಕಳನ್ನು ಇಲ್ಲಿನ ಶಾಲೆಗೆ ಹಾಕಿದ ವಿದೇಶಿ ತಾಯಿಗೂ ಆ ಕಲಮು ಅನ್ವಯಿಸುತ್ತದೆ.